ಅವನಿಲ್ಲದೆ ಇವನು

ಭಾನುವಾರ ಬೆಳಿಗ್ಗೆ ಆರ್ವೊ ಲೆಹ್ಟಿಗೆ ಎಚ್ಚರವಾದದ್ದು ಹೊರಗೆ ಹಿಮ ಎತ್ತುವ ಸಲಿಕೆಯ ಸದ್ದಿಗೆ. ಪರದೆ ಸರಿಸಿ ನೋಡಬೇಕಾಗಿರಲಿಲ್ಲ. ಪಕ್ಕದ ಮನೆಯ ರೆಮಿ ಡುಕೆಟ್ ತನ್ನ ಅಂಗಳ ಮುಗಿಸಿ, ಯಾರೂ ಕೇಳದಿದ್ದರೂ, ಇವನ ಅಂಗಳಕ್ಕೆ ದಾಟಿದ್ದಾನೆ. ಮಧ್ಯಾಹ್ನ ಆಟವಿದ್ದರೂ ಬಿಡುವುದಿಲ್ಲ ಪುಣ್ಯಾತ್ಮ. ಆರ್ವೊ ಹೊದಿಕೆಯನ್ನು ಕಿವಿಯ ಮೇಲೆ ಎಳೆದುಕೊಂಡು, ಸದ್ದು ನಿಲ್ಲಲಿ, ಅವನು ಒಳಗೆ ಹೋಗಲಿ, ಆಮೇಲೆ ಏಳೋಣ ಎಂದುಕೊಂಡ. ಶುಕ್ರವಾರದಿಂದ ಅವನಿಗೆ ರೆಮಿಯ ಮುಖ ನೋಡಲಾಗುತ್ತಿರಲಿಲ್ಲ. ಕಸದ ಡಬ್ಬಿ ಹೊರಗಿಡುವಾಗಲೂ ಕಳ್ಳನ ಹಾಗೆ ಆಚೆ ಈಚೆ ನೋಡಿ ಇಟ್ಟು ಬಂದಿದ್ದ. ಅದೇ ಶುಕ್ರವಾರ ಮಧ್ಯಾಹ್ನ ಶಾಲೆಯಲ್ಲಿ ರೆಮಿಯ ಮಗಳು ಕೊರಲಿ ಒಂದು ಸಮೀಕರಣ ಕೇಳಲು ಮೇಜಿನ ಹತ್ತಿರ ಬಂದಾಗ, ಇಲ್ಲದ ಕೆಲಸ ನೆನಪಿಸಿಕೊಂಡು ಎದ್ದು ಹೋಗಿದ್ದ. ಮೂವತ್ತು ಮಕ್ಕಳಿಗೆ ಪಾಠ ಹೇಳುವವನು ಒಂದು ಹುಡುಗಿಗೆ ಹೆದರಿ ಸ್ಟಾಫ್ ರೂಮಿನ ಸಿಂಕಿನ ಮುಂದೆ ನಿಂತು ತೊಳೆದ ಲೋಟವನ್ನೇ ಮತ್ತೆ ತೊಳೆದ.

ಶುಕ್ರವಾರ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಅವನು ಮಾಡಿದ್ದು ಇಷ್ಟೇ. ಊರಿನ ಐಸ್ ಹಾಕಿ ತಂಡಕ್ಕೆ ಅವನು ಎರಡು ವರ್ಷದಿಂದ ಲೆಕ್ಕ ಬರೆಯುತ್ತಾನೆ. ಎದುರಾಳಿಗಳನ್ನು ತಡೆಯುವ ಡಿಫೆಂಡರುಗಳು ಜೋಡಿಯಾಗಿ ಆಡುತ್ತಾರಲ್ಲ, ಯಾವ ಜೋಡಿ ಮಂಜುಗಡ್ಡೆಯ ಮೇಲಿದ್ದಾಗ ಎದುರಾಳಿಗಳು ಎಷ್ಟು ಗೋಲು ಹೊಡೆದರು, ಎಷ್ಟು ಸಲ ಗೋಲಿಗೆ ಗುರಿಯಿಟ್ಟರು ಎಂಬ ಲೆಕ್ಕ. ಇಬ್ಬರೂ ಜೊತೆಗಿದ್ದಾಗ ಹೇಗೆ, ಇವನಿಲ್ಲದೆ ಅವನು ಹೇಗೆ, ಅವನಿಲ್ಲದೆ ಇವನು ಹೇಗೆ. ರೆಮಿಯ ಜೋಡಿ ಕೋಲ್ಟನ್ ಸ್ವಿಡ್ರಾ ಎಂಬ ಎಳೆಯ. ಲೆಕ್ಕ ಸ್ಪಷ್ಟವಾಗಿತ್ತು. ಜೊತೆಗಿದ್ದಾಗ ಪರವಾಗಿಲ್ಲ. ರೆಮಿ ಇಲ್ಲದೆ ಕೋಲ್ಟನ್ ಬಲು ಚೆನ್ನ. ಕೋಲ್ಟನ್ ಇಲ್ಲದೆ ರೆಮಿ, ತಂಡದಲ್ಲೇ ಎಲ್ಲರಿಗಿಂತ ಕೆಟ್ಟವನು. ಕೋಚ್ ಗಾರ್ತ್ ಮಕಾಲೆ ಹಾಳೆಯನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದಿದ್ದು, "ಸೋಮವಾರ ಮಧ್ಯಾಹ್ನಕ್ಕೆ ಆಟಗಾರರನ್ನ ಬದಲಾಯಿಸ್ಕೊಳ್ಳೋ ಗಡುವು ಮುಗಿಯುತ್ತೆ. ಪಶ್ಚಿಮದ ಕಡೆ ಒಂದು ತಂಡದೋರು ಇವನನ್ನ ಕೇಳ್ತಾ ಇದಾರೆ. ಭಾನುವಾರದ ಆಟ ಮುಗೀಲಿ, ಫೋನ್ ಮಾಡಿ ಕೊಟ್ಬಿಡ್ತೀನಿ" ಎಂದಿದ್ದ. ಕೊಟ್ಟುಬಿಡುವುದು ಎಂದರೆ, ರೆಮಿ ಎರಡು ದಿನದೊಳಗೆ ಬ್ಯಾಗು ಕಟ್ಟಿ ಎರಡು ಪ್ರಾಂತ್ಯದಾಚೆ ಹೋಗಬೇಕು. ಹೋದ ವರ್ಷ ಕೊಂಡ ಮನೆ, ಕೊರಲಿ, ಹಿಂದಿನ ತಿಂಗಳಷ್ಟೇ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ ಹೆಂಡತಿ, ಎಲ್ಲ ಇಲ್ಲೇ.

ಲೆಕ್ಕ ಸರಿಯಾಗಿದ್ದರೆ ಸಂಕಟವೇಕೆ? ಅವನನ್ನು ಕೊರೆಯುತ್ತಿದ್ದದ್ದು ಲೆಕ್ಕವಲ್ಲ. ಡಿಸೆಂಬರಿನಲ್ಲಿ ತಂಡದವರೆಲ್ಲ ಮನೆಮಂದಿಯೊಂದಿಗೆ ಸ್ಕೇಟಿಂಗ್‌ಗೆ ಸೇರುವ ದಿನ ಆರ್ವೊನನ್ನೂ ಕರೆದಿದ್ದರು. ಈ ಊರಿನಲ್ಲಿ ಮಕ್ಕಳು ನಡೆಯುವ ಮೊದಲೇ ಜಾರಲು ಕಲಿಯುತ್ತವೆ, ಇವನು ಮಾತ್ರ ಹತ್ತು ತುಂಬಿದ ಮೇಲೂ ಅಡುಗೆಮನೆಯ ಕುರ್ಚಿಯನ್ನು ಮುಂದೆ ತಳ್ಳಿಕೊಂಡು ಜಾರುತ್ತಿದ್ದವನು, ಅಕ್ಕ ಹಿಂದಿನಿಂದ ಕೋಟು ಹಿಡಿದುಕೊಂಡಿರಬೇಕು, ಊರಿಗೆಲ್ಲ ಗೊತ್ತಿರುವ ಕಥೆ. ಅಂದು ಅವನು ಬಾಗಿಲಿನಿಂದ ಎರಡು ಹೆಜ್ಜೆ ಹಾಕಿ ಅಂಗಾತ ಬಿದ್ದ. ರೆಮಿ ನಕ್ಕುಬಿಟ್ಟ. ಹೊಟ್ಟೆ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ, ಗೊಳ್ಳೆಂದು. ಆಮೇಲೆ ಕೈ ನೀಡಿ ಎತ್ತಿದ, ಬೆನ್ನಿನ ಹಿಮ ಒರೆಸಿದ, ನಿಜ. ಆದರೆ ಮಲಗಿದಲ್ಲಿಂದ ಆರ್ವೊಗೆ ಕಂಡದ್ದು ಮೇಲಿನ ದೀಪಗಳು ಮತ್ತು ಆ ತೆರೆದ ಬಾಯಿ. ಹಾಳೆಯಲ್ಲಿ ರೆಮಿಯ ಹೆಸರಿನ ಮುಂದೆ ಆ ಕೆಟ್ಟ ಅಂಕಿ ಮೂಡಿದಾಗ ತನ್ನೊಳಗೆ ಏನೋ ತಣ್ಣಗಾದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಸಂತೋಷ ಎನ್ನಲಾಗದು, ಆದರೆ ಅಲ್ಲ ಎನ್ನಲೂ ಆಗದು. ಬೇರೆಯವರ ಅಂಕಿಯನ್ನಾದರೆ ಮತ್ತೊಮ್ಮೆ ನೋಡುತ್ತಿದ್ದ. ಇದನ್ನು ನೋಡಲಿಲ್ಲ. ಆ ಹಾಳೆ ಬರೆದದ್ದು ತಾನೋ, ಅಂದು ಅಂಗಾತ ಬಿದ್ದವನೋ?

ಸದ್ದು ನಿಂತಿತೆಂದು ಬಾಗಿಲು ತೆರೆದರೆ ರೆಮಿ ಮೆಟ್ಟಿಲ ಬಳಿಯಲ್ಲೇ ಸಲಿಕೆಗೆ ಗಲ್ಲ ಊರಿ ನಿಂತಿದ್ದ. ಗಡ್ಡದ ತುದಿಯಲ್ಲಿ ಉಸಿರು ಹೆಪ್ಪುಗಟ್ಟಿತ್ತು.

"ಮೇಷ್ಟ್ರೇ, ಎದ್ರಾ? ಕರಡಿ ಬಂದು ಅಂಗಳದಲ್ಲಿ ಮಲಗಿದ್ರೂ ನಿಮಗೆ ಗೊತ್ತಾಗಲ್ಲ."

"ನೀನು ಯಾಕೆ ಕಷ್ಟ ತಗೊಂಡೆ? ಇವತ್ತು ಆಟ ಬೇರೆ ಇದೆ."

"ಮೈ ಬಿಸಿಯಾಗುತ್ತೆ ಬಿಡಿ. ಅದಿರ್ಲಿ, ನನ್ನ ಲೆಕ್ಕ ಹೆಂಗಿದೆ? ಪಾಸೋ ಫೇಲೋ?"

ಪ್ರತಿ ವಾರ ಕೇಳುವ ಪ್ರಶ್ನೆಯೇ. ಪ್ರತಿ ವಾರ ಆರ್ವೊ ಏನಾದರೊಂದು ತಮಾಷೆ ಹೇಳಿ ಮುಗಿಸುತ್ತಿದ್ದ. ಇವತ್ತು "ನೋಡ್ಬೇಕು" ಎಂದಷ್ಟೇ ಅಂದ.

"ನೋಡ್ಬೇಕು ಅಂದ್ರೆ ಫೇಲು. ನಮ್ಮ ಕೊರಲಿ ಪರೀಕ್ಷೆ ಮುಗಿಸ್ಕೊಂಡು ಬಂದು ಹಿಂಗೇ ಅಂತಾಳೆ." ರೆಮಿ ನಗುತ್ತ ಸಲಿಕೆ ಹೆಗಲಿಗೇರಿಸಿ ಹೊರಟುಹೋದ. ಅವನು ಎತ್ತಿದ ಹಿಮ ದಾರಿಯ ಎರಡೂ ಬದಿಗೆ ಓರಣವಾಗಿ ಬಿದ್ದಿತ್ತು.

ಆಟ ನಡೆಯುವಾಗ ಆರ್ವೊ ಕೂರುವ ಜಾಗ ಮೇಲೆ, ಛಾವಣಿಯ ಕೆಳಗಿನ ಗಾಜಿನ ಕೋಣೆ. ಅಲ್ಲಿಂದ ಇಡೀ ಅಂಕಣ ಬಿಳಿ ಹಾಳೆಯ ಹಾಗೆ ಕಾಣುತ್ತದೆ, ಆಟಗಾರರು ಅದರ ಮೇಲೆ ಓಡಾಡುವ ಸಂಖ್ಯೆಗಳು. ಇವತ್ತು ಆ ಕೋಣೆಯಲ್ಲಿ ತಂಡದ ಮ್ಯಾನೇಜರ್ ಕೂತಿರುತ್ತಾನೆ, ರೆಮಿಯ ಮಾತೆತ್ತುತ್ತಾನೆ, ಎಂದು ನೆನೆದು ಮೆಟ್ಟಿಲು ಹತ್ತಲು ಕಾಲು ಬರಲಿಲ್ಲ. ಕೆಳಗೆ, ಗಾಜಿನ ತಡೆಗೆ ಅಂಟಿಕೊಂಡಂತಿರುವ ಸಾಲಿನಲ್ಲಿ, ಆಟಗಾರರ ಬೆಂಚಿನ ಸರಿ ಎದುರಿಗೆ ಅವನ ಅಕ್ಕ ಐಲಿ ಯಾವಾಗಲೂ ಕೂರುತ್ತಾಳೆ, ಮಡಿಲಲ್ಲಿ ಹೆಣಿಗೆ, ಪಕ್ಕದ ಕುರ್ಚಿಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಏಲಕ್ಕಿ ಬ್ರೆಡ್ಡು. ಅವನು ಬಂದು ಬ್ರೆಡ್ಡಿನ ಜಾಗದಲ್ಲಿ ಕೂತ.

"ಏನೋ, ಸ್ವರ್ಗದಿಂದ ಇಳಿದುಬಿಟ್ಟೆ?" ಐಲಿ ಸೂಜಿ ನಿಲ್ಲಿಸದೆ ಕೇಳಿದಳು. "ಮೇಲೆ ಹೀಟರ್ ಕೆಟ್ಟಿದೆಯಾ?"

"ಸುಮ್ನೆ ಬಂದೆ."

"ಸುಮ್ನೆ ಬರೋನಲ್ಲ ನೀನು. ತಿನ್ನು. ಮುಖ ನೋಡಿದ್ರೆ ಬೆಳಿಗ್ಗೆಯಿಂದ ಏನೂ ತಿಂದ ಹಂಗಿಲ್ಲ."

ಆಟ ಶುರುವಾಯಿತು. ಮೇಲಿನಿಂದ ನೋಡುವಾಗ ಇಲ್ಲದ್ದೆಲ್ಲ ಇಲ್ಲಿತ್ತು. ಬ್ಲೇಡುಗಳು ಮಂಜುಗಡ್ಡೆ ಕೆರೆಯುವ ಸದ್ದು, ಗಾಜಿಗೆ ಮೈ ಅಪ್ಪಳಿಸಿದಾಗ ಎದೆಯೊಳಗೇ ಆದಂಥ ಧಡಲ್, ಬೆವರಿದ ಚರ್ಮದ ವಾಸನೆ, ಉಸಿರು ಕಟ್ಟಿ ಬೈದುಕೊಳ್ಳುವ ಮಾತು. ರೆಮಿ ಗಾಜಿನ ಪಕ್ಕದಲ್ಲೇ ಹಾದುಹೋದಾಗ ಅವನ ಕುತ್ತಿಗೆಯ ನರ ಕಂಡಿತು. ಅವನಿಗೆ ಮುಪ್ಪು ಬಂದಿದೆ ಎಂದು ಆರ್ವೊಗೆ ಥಟ್ಟನೆ ಅನ್ನಿಸಿತು, ಅನ್ನಿಸಿದ ಕೂಡಲೇ, ನೋಡು, ಲೆಕ್ಕ ಸರಿಯಾಗೇ ಇದೆ ಎಂಬ ಸಮಾಧಾನವೂ, ಸಮಾಧಾನದ ಹಿಂದೆಯೇ ಹೇಸಿಗೆಯೂ ಬಂತು.

"ಅದೇನೋ ಲೆಕ್ಕ ಹಾಕ್ತೀಯಲ್ಲ, ಇವನಿಲ್ಲದೆ ಅವನು ಅಂತ," ಐಲಿ ನೂಲು ಎಳೆದುಕೊಂಡಳು, "ಗಂಡ ಹೆಂಡ್ತೀಗೂ ಹಾಕಬಹುದಾ?"

"ಹಾಕ್ಬಾರದು."

"ಯಾಕಪ್ಪ? ವರ್ನಾ ಈಗ ಮೈಕೈ ತುಂಬ್ಕೊಂಡಿದಾಳಂತೆ. ವಿನಿಪೆಗ್‌ನಲ್ಲಿ ಹಾಡೋಕೆ ಬೇರೆ ಸೇರಿದಾಳಂತೆ."

ಅಕ್ಕನಿಗೆ ತಮಾಷೆ, ತಮ್ಮನಿಗೆ ಚುಚ್ಚು. ಹೆಂಡತಿ ವರ್ನಾ ಅವನನ್ನು ಬಿಟ್ಟು ಹೋಗಿ ಮೂರು ಚಳಿಗಾಲ ಕಳೆದಿತ್ತು. ಅವನಿಲ್ಲದೆ ಅವಳು ಚೆನ್ನಾಗಿದ್ದಾಳೆ, ಅವಳಿಲ್ಲದೆ ಅವನು ತಟ್ಟೆ ತೊಳೆಯುವ ಬೇಸರಕ್ಕೆ ಬಾಣಲೆಯಲ್ಲೇ ತಿನ್ನುತ್ತಾನೆ. ಲೆಕ್ಕದ ಪ್ರಕಾರ ಜೋಡಿಯನ್ನು ಕೆಡಿಸಿದವನು ಯಾರು ಎಂಬುದರಲ್ಲಿ ಅನುಮಾನವೇ ಇಲ್ಲ. ಆದರೆ ಕೊನೆಯ ವರ್ಷ ವರ್ನಾಳ ಅಮ್ಮ ಹಾಸಿಗೆ ಹಿಡಿದಿದ್ದಾಗ, ನೀನು ಹೋಗಿ ಮಲಗು, ನಾನು ಕೂತಿರ್ತೀನಿ ಎಂದು ರಾತ್ರಿಗಳನ್ನು ಕಳೆದವನು ಅವನೇ. ಬೆಳಗಾಗುವ ಹೊತ್ತಿಗೆ ಸುಸ್ತಿನಿಂದ ಸಿಡುಕನಾಗುತ್ತಿದ್ದ, ವಿಶ್ರಾಂತಿಯಾದ ವರ್ನಾ ಎದ್ದು ಬಂದು, ನಿನ್ನ ಮುಖ ನೋಡೋಕಾಗಲ್ಲ ಅನ್ನುತ್ತಿದ್ದಳು. ಆ ರಾತ್ರಿಗಳನ್ನು ಯಾರೂ ಯಾವ ಕಾಲಮ್ಮಿನಲ್ಲೂ ಬರೆದಿಟ್ಟಿರಲಿಲ್ಲ. ಇದನ್ನು ಈಗ ಯಾಕೆ ನೆನೆಯುತ್ತಿದ್ದೇನೆಂದು ಅವನಿಗೇ ತಿಳಿಯದೆ, ಬ್ರೆಡ್ಡಿನ ಸಕ್ಕರೆ ಬೆರಳಿಗಂಟಿದ್ದನ್ನು ಒರೆಸಿಕೊಂಡ.

ಆಟದ ಮೂರು ಪೀರಿಯಡ್ಡುಗಳಲ್ಲಿ ಎರಡನೆಯದು ಶುರುವಾದಾಗ ತಂಡಗಳು ಕಡೆ ಬದಲಿಸಿದವು. ರೆಮಿ ಮತ್ತು ಕೋಲ್ಟನ್ ಈಗ ಅಂಕಣದ ಆ ತುದಿಯಲ್ಲಿದ್ದರು, ಅವರ ಬೆಂಚು ದೂರದಲ್ಲಿ ಉಳಿಯಿತು, ಎಡಬದಿಗೆ ಆಡುವ ರೆಮಿಗಂತೂ ಅಂಕಣದ ಅಡ್ಡಕ್ಕೂ ಆಚೆ. ಇದು ಪ್ರತಿ ಆಟದಲ್ಲೂ ಆಗುವುದೇ, ಇದರಲ್ಲಿ ನೋಡುವುದೇನೂ ಇರಲಿಲ್ಲ. ಎದುರಾಳಿಗಳು ಬಿಡದೆ ಮುತ್ತಿದರು. ಆಟದ ರಬ್ಬರ್ ಬಿಲ್ಲೆ, ಪಕ್, ಗೋಲಿನ ಸುತ್ತಲೇ ಸುತ್ತುತ್ತಿತ್ತು, ಇಬ್ಬರೂ ಒಂದು ನಿಮಿಷಕ್ಕೂ ಮೇಲಾಗಿ ಸಿಕ್ಕಿಕೊಂಡಿದ್ದರು. ಕೋಲ್ಟನ್‌ನ ಮಂಡಿ ನಡುಗುತ್ತಿದ್ದದ್ದು ಇಲ್ಲಿಂದಲೇ ಕಾಣುತ್ತಿತ್ತು. ಕೊನೆಗೆ ರೆಮಿ ಹೇಗೋ ಪಕ್ ಕಸಿದು ನಡುಗೆರೆಯ ಆಚೆ ಎಸೆದ. ಉಸಿರಾಡಲು ಒಂದು ಕ್ಷಣ ಸಿಕ್ಕಿತು, ಆಟ ನಿಲ್ಲದೆಯೇ ಒಬ್ಬ ಬೆಂಚಿಗೆ ಓಡಿ ಅವನ ಬದಲಿ ಬರಲು ಆಗುವಷ್ಟು. ಕೋಲ್ಟನ್ ಬೆಂಚಿನ ಬದಿಗಿದ್ದ. ಪಕ್ಕಿನ ಹಿಂದೆಯೇ ಮುಂದೆ ಬಂದಿದ್ದ ರೆಮಿ ಈ ಬದಿಗೆ, ಗಾಜಿನ ಪಕ್ಕಕ್ಕೆ, ಆರ್ವೊನಿಂದ ಒಂದು ಮೊಳ ದೂರ.

"ಹೋಗೋ, ಹೋಗೋ," ರೆಮಿ ಕೂಗಿದ. ದನಿಯಲ್ಲಿ ಗಾಳಿಯೇ ಇರಲಿಲ್ಲ. "ನಾನಿರ್ತೀನಿ."

ಕೋಲ್ಟನ್ ಹೋದ. ಬೆಂಚಿನಿಂದ ಇನ್ನೊಬ್ಬ ತಡೆಗೋಡೆ ದಾಟಿ ಇಳಿದ, ಅವನು ಇನ್ನೂ ನಡುವೆ ಇರುವಾಗಲೇ ಎದುರಾಳಿಗಳು ಪಕ್ ಹಿಡಿದು ತಿರುಗಿ ಬಂದರು. ರೆಮಿ ಒಬ್ಬನೇ ಹಿಮ್ಮುಖವಾಗಿ ಜಾರುತ್ತ, ಸೊಂಟ ಬಾಗಿಸಿ, ಕೋಲು ಚಾಚಿ, ಕಡೆಗೆ ಮೈಯನ್ನೇ ಅಡ್ಡ ಚೆಲ್ಲಿದ. ಗೋಲಾಯಿತು. ಅವನು ಮಂಜುಗಡ್ಡೆಯ ಮೇಲೆ ಅಂಗಾತ ಬಿದ್ದಿದ್ದ, ಮೇಲಿನ ದೀಪಗಳನ್ನು ನೋಡುತ್ತ.

"ಎರಡನೇ ಪೀರಿಯಡ್ ಬಂತು ಅಂದ್ರೆ ಇದೇ ಕಥೆ," ಐಲಿ ಹೆಣಿಗೆಯ ಕುಣಿಕೆಗಳನ್ನು ಎಣಿಸುತ್ತ ಹೇಳಿದಳು. "ಆ ಹುಡುಗನ್ನ ಬೆಂಚಿಗೆ ಕಳಿಸಿ ತಾನು ಒದೆ ತಿಂತಾನೆ. ಹುಚ್ಚ."

ಆರ್ವೊ ಎದ್ದು ನಿಂತ. ಹಿಂದಿನ ಸಾಲಿನವನು, "ಕೂತ್ಕೊಳಯ್ಯ, ನೀನೇನು ಗಾಜಲ್ಲ" ಎಂದ. ಆರ್ವೊ ಕೂರಲಿಲ್ಲ. ಕಾಲುಗಳ ನಡುವೆ ದಾರಿ ಮಾಡಿಕೊಂಡು, ಯಾರದೋ ಕಾಫಿ ಚೆಲ್ಲಿ, ಬೈಸಿಕೊಂಡು, ಶೌಚಾಲಯದ ಹೊರಗಿನ ಬೆಂಚಿನ ಮೇಲೆ ಕೂತು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ತೆರೆದ. ಎರಡು ವರ್ಷ ಲೆಕ್ಕ ಬರೆದವನು ಕಡೆಗಳು ಬದಲಾಗುತ್ತವೆ ಎಂಬುದನ್ನು ಒಂದು ಸಲವೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಡಿಯುವುದಾದರೂ ಹೇಗೆ? ದಣಿದ ಕಾಲಿನಲ್ಲಿ ಆ ಬದಿಯಿಂದ ಈ ಬದಿಗೆ ಬರುವುದೆಂದರೇನೆಂದು ಕುರ್ಚಿ ತಳ್ಳಿದವನಿಗೆ ಗೊತ್ತಿರಬೇಕಲ್ಲ. ಮೇಲಿನ ಕೋಣೆಯಿಂದ ದೂರಗಳೆಲ್ಲ ಒಂದೇ. ಅವನು ಕೋಲ್ಟನ್ ಇಲ್ಲದ ರೆಮಿಯನ್ನು ಪೀರಿಯಡ್ಡುಗಳ ಪ್ರಕಾರ ಬಿಡಿಸಿದ. ತೆರೆಯ ಮೇಲೆ ಬಂದದ್ದನ್ನು ಅವನು ನಂಬದೆ ಮತ್ತೊಮ್ಮೆ ಮಾಡಿದ, ಅದೇ ಬಂತು. ರೆಮಿ ಒಂಟಿಯಾಗಿ ತಿಂದ ಗೋಲುಗಳು ಹೆಚ್ಚುಕಡಿಮೆ ಎಲ್ಲವೂ ಎರಡನೇ ಪೀರಿಯಡ್ಡಿನವು, ಕೋಲ್ಟನ್ ಬೆಂಚಿಗೆ ಮರಳಿದ ಕೆಲವೇ ಕ್ಷಣಗಳೊಳಗಿನವು. ಉಳಿದ ಹೊತ್ತಿನಲ್ಲಿ ರೆಮಿಯಷ್ಟು ಕಡಿಮೆ ಗೋಲು ಬಿಟ್ಟವನು ತಂಡದಲ್ಲಿ ಇನ್ನೊಬ್ಬನಿಲ್ಲ. ಕೋಲ್ಟನ್ ಅವನಿಲ್ಲದೆ ಚೆನ್ನಾಗಿದ್ದದ್ದಕ್ಕೂ ಕಾರಣ ಅದೇ, ರೆಮಿ ಕೊನೆಗೆ ಬೆಂಚಿಗೆ ಹೋಗುವ ಹೊತ್ತಿಗೆ ಅವನು ಯಾವಾಗಲೂ ವಿಶ್ರಾಂತಿ ಮುಗಿಸಿ ಬಂದವನು. ತಾನು ಕೆಟ್ಟ ಆಟವೆಂದು ಎಣಿಸಿದ್ದು, ಒಬ್ಬ ಇನ್ನೊಬ್ಬನನ್ನು ಕಳಿಸಿ ನಿಂತ ಹೊತ್ತನ್ನು.

ಆಮೇಲೆ ಇನ್ನೊಂದು ಅನುಮಾನ ಬಂತು, ಅದು ಬಂದೇ ಬರುವಂಥದು. ಈಗ ಲೆಕ್ಕ ಹೀಗೆ ಬರಲಿ ಎಂದು ನಾನು ಬಯಸಿದ್ದರಿಂದ ಹೀಗೆ ಬಂದಿದೆಯೋ? ಶುಕ್ರವಾರ ಸಿಟ್ಟು ಬರೆಯಿತು, ಇವತ್ತು ಪಾಪಪ್ರಜ್ಞೆ ಬರೆಯಿತು, ಲೆಕ್ಕ ಯಾವಾಗ ಬರೆಯಿತು? ಇದನ್ನು ಹಿಡಿದುಕೊಂಡು ಕೋಚ್ ಬಳಿ ಹೋದರೆ ಅವನು ಏನನ್ನುತ್ತಾನೆಂದೂ ಗೊತ್ತಿತ್ತು. ಗಾರ್ತ್ ಮೊದಲ ವರ್ಷವೆಲ್ಲ ಇವನ ಹಾಳೆಯನ್ನು ಕಾಫಿ ಲೋಟದ ಕೆಳಗಿಡುತ್ತಿದ್ದ. ಅವನು ಅದನ್ನು ಓದುವ ಹಾಗಾಗಲು ಎರಡು ಚಳಿಗಾಲ ಹಿಡಿದಿತ್ತು. ಇವತ್ತು ತಪ್ಪೊಪ್ಪಿಕೊಂಡರೆ ಹಾಳೆ ಮತ್ತೆ ಲೋಟದ ಕೆಳಗೆ, ಇವನು ಮತ್ತೆ ಬರೀ ಶಾಲೆ ಮೇಷ್ಟ್ರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ರೆಮಿ ಹೋಗುತ್ತಾನೆ, ಅಂಗಳದ ಹಿಮ ತಾನೇ ಎತ್ತಿಕೊಳ್ಳಬೇಕು, ಅಷ್ಟೆ. ಹಾಗೆ ಯೋಚಿಸಿದ ತಲೆಯೂ ತನ್ನದೇ ಎಂದು ನಾಚಿಕೆಯಾಯಿತು. ಮೂರನೇ ಪೀರಿಯಡ್ಡಿನ ಗದ್ದಲವೆಲ್ಲ ಗೋಡೆಯಾಚೆ ಕೇಳಿಸಿ ಮುಗಿಯಿತು. ತಂಡ ಸೋತಿತ್ತು.

ಕೋಚ್‌ನ ಕೋಣೆ ಕಾರಿಡಾರಿನ ಆ ತುದಿಯಲ್ಲಿ. ಅಲ್ಲಿಗೆ ಹೋಗುವ ರಬ್ಬರ್ ಹಾಸಿನ ಮೇಲೆ ಆಟಗಾರರು ಸ್ಕೇಟ್ ಬಿಚ್ಚದೆ ಸಾಲಾಗಿ ನಿಂತಿದ್ದರು. ಸ್ಕೇಟಿನ ಎತ್ತರಕ್ಕೆ ಅವರ ನಡುವೆ ಆರ್ವೊ ಇನ್ನಷ್ಟು ಗಿಡ್ಡನಾಗಿ ನಡೆದ. ಬಾಗಿಲು ಅರೆ ತೆರೆದಿತ್ತು. ಗಾರ್ತ್ ಟೈ ಸಡಿಲಿಸಿ ಕೂತಿದ್ದ, ಫೋನು ಕೈಯಲ್ಲಿತ್ತು.

"ಗಾರ್ತ್, ಫೋನ್ ಮಾಡಿಬಿಟ್ರಾ?"

"ಒತ್ತೋಕೆ ಬೆರಳಿಟ್ಟಿದೀನಿ. ಯಾಕೆ?"

"ಒತ್ಬೇಡಿ. ನನ್ನ ಲೆಕ್ಕ ತಪ್ಪು."

ಗಾರ್ತ್ ಫೋನು ಕೆಳಗಿಡಲಿಲ್ಲ. "ಶುಕ್ರವಾರ ಕೇಳ್ದೆನಲ್ಲಯ್ಯ ನಿನ್ನ, ಖಾತ್ರೀನಾ ಅಂತ. ಗೋಣಾಡಿಸ್ದೆ."

"ಆಡಿಸ್ದೆ. ತಪ್ಪು ನನ್ನದೇ." ಆರ್ವೊ ಲ್ಯಾಪ್‌ಟಾಪ್ ತೆರೆದು ಮೇಜಿನ ಮೇಲಿಟ್ಟ, ಒಂದೊಂದಾಗಿ ತೋರಿಸಿದ. ಎರಡನೇ ಪೀರಿಯಡ್ಡು, ಆ ಬದಿ, ಬೆಂಚಿನ ದೂರ, ಮೊದಲು ಹೋಗುವವನು ಯಾರು, ಉಳಿಯುವವನು ಯಾರು. ಮಾತು ಮುಗಿಯುವ ಮೊದಲೇ ಗಾರ್ತ್‌ನ ಮುಖ ಬದಲಾಗಿತ್ತು. ಅದು ಸಿಟ್ಟಿನ ಮುಖವಲ್ಲ. ಅವನು ಕುರ್ಚಿಗೆ ಒರಗಿ ಕಣ್ಣು ಉಜ್ಜಿಕೊಂಡ.

"ನಾನು ಆಡಿದ್ದು ಯಾವ ಬದಿ ಗೊತ್ತಾ ನಿಂಗೆ?"

"ಇಲ್ಲ."

"ಎಡ. ಅವನಾಡೋ ಬದೀನೇ. ಎಷ್ಟು ವರ್ಷ ಆ ಗಾಜಿಗಂಟಿಕೊಂಡು ಸತ್ತಿದೀನಿ ಎರಡನೇ ಪೀರಿಯಡ್‌ನಲ್ಲಿ. ವಾರ ವಾರ ಕಣ್ಣೆದುರಿಗೇ ನೋಡ್ತಾ ಇದೀನಿ ಅವನನ್ನ, ನಂಗೆ ಹೊಳೀಲಿಲ್ಲ." ಅವನು ಶುಕ್ರವಾರದ ಹಾಳೆಯನ್ನು ಡ್ರಾಯರಿನಿಂದ ತೆಗೆದು ಮಡಚಿದ. "ಹಾಳೇಲಿ ಬರ್ದಿತ್ತಲ್ಲ ಅಂತ ನನ್ನ ಕಣ್ಣನ್ನೇ ನಂಬ್ಲಿಲ್ಲ. ನಿನ್ನದು ಬಿಡು, ನೀನು ಸ್ಕೇಟ್ ಕಟ್ಟಿದೋನಲ್ಲ. ನಂಗೇನಾಗಿತ್ತು?"

"ಇನ್ಮೇಲೆ ಹಾಳೆ ಬೇಡ್ವಾ ನಿಮಗೆ?"

"ಬೇಕು ಕಣಯ್ಯ. ಆದರೆ ಆ ಗಾಜಿನ ಗೂಡು ಬಿಟ್ಟು ಇಳಿದು ಬಾ. ಅಕ್ಕನ ಪಕ್ಕದಲ್ಲಿ ಕೂತ್ಕೊ. ಇವತ್ತು ಅಲ್ಲಿದ್ದೆ ತಾನೆ? ನೋಡ್ದೆ. ಹೋಗು ಈಗ, ಆ ಕೋಲ್ಟನ್ ಜಾಗಕ್ಕೆ ಬೇಗ ಬದಲಿ ಕಳಿಸೋದು ಹೆಂಗೆ ಅಂತ ಯೋಚ್ನೆ ಮಾಡ್ಬೇಕು ನಾನು." ಫೋನನ್ನು ಅವನು ಜೇಬಿಗೆ ಹಾಕಿಕೊಂಡ.

ಕಾರಿಡಾರಿಗೆ ಬಂದು ಆರ್ವೊ ಲ್ಯಾಪ್‌ಟಾಪ್ ಮುಚ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡ. ಗಾರ್ತ್‌ಗೂ ಹೊಳೆದಿರಲಿಲ್ಲ. ಯಾರನ್ನು ನೋಡಿ ರೆಮಿ ಯಾವತ್ತೂ ನಕ್ಕಿರಲಿಲ್ಲವೋ ಆ ಗಾರ್ತ್‌ಗೂ, ಆ ಬದಿಯಲ್ಲೇ ಆಡಿ ಸವೆದ ಗಾರ್ತ್‌ಗೂ. ಎಂದರೆ ಈ ತಪ್ಪು ಮಾಡಲು ದ್ವೇಷ ಬೇಕಾಗಿರಲಿಲ್ಲ. ಅಂಕಿಯನ್ನು ಮತ್ತೊಮ್ಮೆ ನೋಡದಿದ್ದದ್ದರಲ್ಲಿ ಆ ನಗುವಿನ ಪಾಲು ಒಂದಿಷ್ಟು ಇದ್ದಿರಬಹುದು, ಅದನ್ನು ಅವನು ತನ್ನಿಂದ ಮುಚ್ಚಿಡಲಿಲ್ಲ. ಆದರೆ ತಪ್ಪು ಬಹುಪಾಲು ಬರೀ ತಪ್ಪೇ ಆಗಿತ್ತು, ಹೊತ್ತು ಮೀರುವ ಮೊದಲು ತಿದ್ದಲೂ ಆಗಿತ್ತು. ಶುಕ್ರವಾರದಿಂದ ಮೊದಲ ಬಾರಿಗೆ ಅವನಿಗೆ ಹಸಿವಾಯಿತು. ಅಕ್ಕನ ಬ್ರೆಡ್ಡು ಅಷ್ಟನ್ನೂ ಅಲ್ಲೇ ಬಿಟ್ಟು ಬಂದೆನಲ್ಲ ಎಂದು ಪೇಚಾಡಿಕೊಂಡ.

ಹೊರಗೆ ಆಗಲೇ ಬೆಳಕು ಕರಗುತ್ತಿತ್ತು, ಸರೋವರದ ಮೇಲಿಂದ ಗಾಳಿ ಬೀಸುತ್ತಿತ್ತು. ಕಾರು ನಿಲ್ಲಿಸುವ ಬಯಲು ಪೂರಾ ಮಂಜುಗಡ್ಡೆಯಾಗಿತ್ತು. ಆರ್ವೊ ಕೈ ಅಗಲಿಸಿಕೊಂಡು ಪುಟ್ಟ ಹೆಜ್ಜೆ ಹಾಕುವುದನ್ನು ಹಿಂದಿನಿಂದ ಬಂದ ರೆಮಿ ನೋಡಿದ. ತಲೆಯ ಕೂದಲು ಒದ್ದೆಯಿತ್ತು, ಗಲ್ಲದ ಮೇಲೆ ಆಗಷ್ಟೇ ಹೊಲಿಗೆ ಹಾಕಿದ ಗಾಯ.

"ಮೇಷ್ಟ್ರೇ, ಕುರ್ಚಿ ತಂದುಕೊಡ್ಲಾ?" ರೆಮಿ ಗೊಳ್ಳೆಂದು ನಕ್ಕ. ಅದೇ ನಗು, ಅಂದಿನದೇ. ತನ್ನ ಸೋಲಿನ ಮೇಲೂ, ಹೊಲಿಗೆ ಹಾಕಿದ ಗಲ್ಲದ ಮೇಲೂ ಅವನು ಹಾಗೇ ನಗುತ್ತಾನೆಂದು ಆರ್ವೊಗೆ ಈಗ ಕಂಡಿತು. ರೆಮಿ ತೋಳು ಚಾಚಿದ. ಯಾವಾಗಲೂ ಬೇಡ ಎನ್ನುತ್ತಿದ್ದವನು ಇವತ್ತು ಹಿಡಿದುಕೊಂಡ.

"ರೆಮಿ, ನಿನ್ನ ಲೆಕ್ಕ ತಪ್ಪು ಬರೆದಿದ್ದೆ. ಕೋಚ್‌ಗೆ ಕೊಟ್ಟೂ ಇದ್ದೆ. ನಿನ್ನನ್ನ ಬೇರೆ ಕಡೆ ಕಳಿಸೋದರಲ್ಲಿದ್ರು."

ರೆಮಿಯ ನಗು ನಿಂತಿತು. ಹೆಜ್ಜೆ ನಿಲ್ಲಲಿಲ್ಲ. ತೋಳು ಕಿತ್ತುಕೊಳ್ಳುತ್ತಾನೆಂದು ಆರ್ವೊ ಕಾದ.

"ಸರಿ ಮಾಡಿದ್ರಾ?"

"ಈಗ ತಾನೇ."

"ಹಂಗಾದ್ರೆ ಪಾಸಾ ನಾನು?"

"ಪಾಸು. ಎಲ್ಲರಿಗಿಂತ ಮೇಲೆ."

"ಕೊರಲಿಗೆ ನೀವೇ ಹೇಳಿ, ನಾನಂದ್ರೆ ನಂಬಲ್ಲ," ರೆಮಿ ಉಸಿರೆಳೆದುಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ, "ನನ್ನ ಹೆಂಡ್ತಿಗೆ ಮಾತ್ರ ಆ ಕಳಿಸೋ ವಿಷಯ ಹೇಳ್ಬೇಡಿ. ಅವಳಿಗೆ ಹೊಸ ಕೆಲಸ, ಹೆದರಿಕೊಳ್ತಾಳೆ" ಎಂದ.

ಕಾರಿನ ಬಾಗಿಲು ಹಿಮಕ್ಕೆ ಅಂಟಿಕೊಂಡಿತ್ತು. ರೆಮಿ ಒಂದೇ ಎಳೆತಕ್ಕೆ ತೆರೆದು ಅವನನ್ನು ಒಳಗೆ ಕೂರಿಸಿದ. ಎಂಜಿನ್ ಕೆಮ್ಮಿ ನಿಂತಿತು, ಮತ್ತೆ ಕೆಮ್ಮಿತು. ಒದ್ದೆ ತಲೆಯಲ್ಲಿ ರೆಮಿ ಗಾಳಿಗೆ ಬೆನ್ನು ಕೊಟ್ಟು ಪಕ್ಕದಲ್ಲೇ ನಿಂತಿದ್ದ. ಅವನ ಟ್ರಕ್ಕು ಬಯಲಿನ ಆ ತುದಿಯಲ್ಲಿತ್ತು. ಅಷ್ಟು ದೂರವನ್ನು ಈ ದಣಿದ ಕಾಲಿನಲ್ಲಿ ಅವನು ಒಬ್ಬನೇ ವಾಪಸು ನಡೆಯಬೇಕೆಂದು ಆರ್ವೊ ಮೊದಲ ಬಾರಿಗೆ ಅಳೆದು ನೋಡಿದ.

"ನೀನು ನಡಿ ರೆಮಿ, ಚಳಿ. ಸ್ಟಾರ್ಟ್ ಆಗುತ್ತೆ ಇದು."

"ಆಗ್ಲಿ, ಆಗ್ಲಿ," ರೆಮಿ ಕಿಟಕಿಯ ಗಾಜಿನ ಹಿಮವನ್ನು ಬರಿಗೈಯಲ್ಲಿ ಕೆರೆಯುತ್ತ ಹೇಳಿದ. "ನೀವು ಮೊದಲು ಹೋಗಿ. ನಾನಿರ್ತೀನಿ."